ಅಜ್ಜನ ಪದ್ಮಿನಿ ಮತ್ತು 32 ಮಿಲಿಮೀಟರಿನ ಇತಿಹಾಸ

ಭಾಗ 1/9: ಪೇಪರ್ ಮ್ಯಾಲ ಇಟ್ಟಿರೋ ವಸ್ತು

ಮೊದಲನೇ ಫೋಟೋದಾಗ ಹಳೇ ಪೇಪರ್ ಹಾಸಿ ಇಟ್ಟಿರೋ ಕರ್ರಗಿನ ವಸ್ತು ನೋಡ್ರಿ. ಎರಡು ಅಂಗೈಯಾಗ ಕೂಡೋವಷ್ಟ ಅದ. ಅದು ಕಾರ್ಬ್ಯುರೇಟರ್. ಎರಡನೇ ಫೋಟೋದಾಗ ಇರೂದು ಅದರ ಮನಿ: ನಮ್ಮ ಅಜ್ಜನ ಪ್ರೀಮಿಯರ್ ಪದ್ಮಿನಿ, ಕೆನೆ ಬಣ್ಣ, ಸ್ಟಿಯರಿಂಗ್ ಪಕ್ಕದಾಗ ಗೇರ್.

ಈ ಗಾಡಿ 1976ರಾಗ ಧಾರವಾಡದ ಒಬ್ಬ ವಕೀಲರ ಹೆಸರಿನ್ಯಾಗ ರಿಜಿಸ್ಟರ್ ಆಗಿದ್ದು. 1988ರಾಗ ಅಜ್ಜ ಅವರ ಕಡೆಯಿಂದ ತಗೊಂಡ್ರು. ಆವಾಗಿನಿಂದ ಪ್ರತಿ ಸೋಮವಾರ ಸಿದ್ಧಾರೂಢ ಮಠಕ್ಕ ಹೋಗಿ ಬರೂದು ಇದರಾಗ. ಈಗ ಅಜ್ಜಗ 81. ಡ್ರೈವಿಂಗ್ ಅಪ್ಪ ಮಾಡ್ತಾರ, ಆದ್ರ ಮುಂದಿನ ಸೀಟು ಅಜ್ಜಂದ.

ಎರಡು ತಿಂಗಳ ಹಿಂದ ಉಣಕಲ್ ಹತ್ರ ಸಿಗ್ನಲ್‌ನಾಗ ಗಾಡಿ ಬಂದ್ ಬಿತ್ತು. ಮತ್ತ ಚಾಲೂ ಆತು, ಮತ್ತ ಬಂದ್. ಸ್ಲೋ ನಿಲ್ಲವಲ್ದು, ಪೆಟ್ರೋಲ್ ವಾಸನಿ ಬ್ಯಾರೆ. ಗೋಕುಲ ರೋಡಿನ ಮಿಸ್ತ್ರಿ ಕಾಕಾ ಬಾನೆಟ್ ಎತ್ತಿ, ಕಾರ್ಬ್ಯುರೇಟರಿನ ಒಂದು ಸಣ್ಣ ಸರಳು ಹಿಡಿದು ಅಲುಗಾಡಿಸಿ ತೋರಿಸಿದ್ರು. "ನೋಡವಾ ತಂಗಿ, ಶಾಫ್ಟ್ ಸವದೈತಿ. ಇಲ್ಲಿಂದ ಕಳ್ಳ ಗಾಳಿ ಎಳೀತೈತಿ. ಎಷ್ಟ ಟ್ಯೂನಿಂಗ್ ಮಾಡಿದ್ರೂ ನಿಲ್ಲೂದಿಲ್ಲ."

ಮನ್ಯಾಗ ಮೂರು ಅಭಿಪ್ರಾಯ. ಅಪ್ಪಗ ಮಾರುತಿ 800ರ ಕಾರ್ಬ್ಯುರೇಟರ್ ಹಾಕಿಸಬೇಕು. ಕಾಕಾಗ ಗುಜರಿಗೆ ಕೊಡಬೇಕು, ಯಾಕಂದ್ರ ಆರ್‌ಸಿ ರಿನ್ಯೂವಲ್ ಇದೇ ವರ್ಷ ಬಂದದ. ಅಜ್ಜ ಏನೂ ಹೇಳಲಿಲ್ಲ. ಅದು ಮೂರನೇ ಅಭಿಪ್ರಾಯ, ಅಷ್ಟ ಎಲ್ಲಾರಿಗೂ ತಿಳೀತು.

ಕಡೀಕ ಅಪ್ಪ ನನ್ನ ಕಡೆ ತಿರುಗಿ ಅಂದ್ರು: "ನೀ ಬಿಕಾಂ ಓದಾಕತ್ತೀ ಅಲ್ಲಾ, ಲೆಕ್ಕಾ ಹಾಕಿ ಹೇಳು."

ಲೆಕ್ಕಾ ಹಾಕಾಕ ಕುಂತೆ. ಅದು ಇತಿಹಾಸ ಆಗಿ ಬಿಟ್ತು. ಒಂಬತ್ತು ಭಾಗ ಅದಾವ. ಸೇವ್ ಮಾಡಿ ಇಟ್ಕೋರಿ.

ಭಾಗ 2/9: ಒಂದು ಲೀಟರಿಗೆ ಒಂಬತ್ತು ಸಾವಿರ ಲೀಟರ್

ಕಾರ್ಬ್ಯುರೇಟರ್ ಏನ್ ಮಾಡ್ತದ ಅಂತ ತಿಳೀದ ಬದಲಿ ಆರಿಸಾಕ ಬರಂಗಿಲ್ಲ. ಅದಕ್ಕ ಇದೊಂದು ಭಾಗ ತಾಳ್ಮಿಯಿಂದ ಓದ್ರಿ.

ಪೆಟ್ರೋಲ್ ನೀರಿನಂಗ ಇದ್ದಾಗ ಎಂಜಿನ್ನಿನಾಗ ಸರಿಯಾಗಿ ಉರಿಯೂದಿಲ್ಲ. ಸಣ್ಣ ಹನಿ ಆಗಿ, ಗಾಳಿ ಜೋಡಿ ಬೆರೀಬೇಕು. ತೂಕದ ಲೆಕ್ಕದಾಗ 1 ಪಾಲು ಪೆಟ್ರೋಲಿಗೆ ಸುಮಾರು 14.7 ಪಾಲು ಗಾಳಿ ಬೇಕು. ಇದನ್ನ ಲೀಟರಿನಾಗ ತಿರುಗಿಸಿದ್ರ ಆಶ್ಚರ್ಯ ಆಗ್ತದ: 1 ಲೀಟರ್ ಪೆಟ್ರೋಲ್ ಪೂರ್ತಿ ಉರೀಬೇಕಂದ್ರ ಸುಮಾರು 9,000 ಲೀಟರ್ ಗಾಳಿ ಬೇಕು. ಕಾರಿನ ಅಸಲಿ ಆಹಾರ ಗಾಳಿ. ಪೆಟ್ರೋಲ್ ಅನ್ನೂದು ಉಪ್ಪಿನಕಾಯಿ ಇದ್ದಂಗ.

ಈ ಪ್ರಮಾಣ ಹೆಂಗ ಕಾಯಬೇಕು? 1893ರ ಹೊತ್ತಿಗೆ ಯುರೋಪಿನ ಎರಡು ಕಡೆ ಬಹುತೇಕ ಒಂದೇ ಉತ್ತರ ಸಿಕ್ಕಿತು. ಜರ್ಮನಿಯಲ್ಲಿ ವಿಲ್ಹೆಲ್ಮ್ ಮೇಬ್ಯಾಕ್, ಹಂಗೇರಿಯಲ್ಲಿ ಡೊನಾಟ್ ಬಾಂಕಿ ಮತ್ತು ಯಾನೋಶ್ ಚೋಂಕಾ, ಸಣ್ಣ ತೂತಿನಿಂದ ಪೆಟ್ರೋಲನ್ನು ಗಾಳಿಯ ಹರಿವಿಗೆ ಚಿಮುಕಿಸುವ ಕಾರ್ಬ್ಯುರೇಟರ್ ಮಾಡಿದರು. ಅದಕ್ಕೂ ಮುಂಚೆ ಗಾಳಿಯನ್ನು ಪೆಟ್ರೋಲಿನ ಮೇಲೆ ಹಾಯಿಸಿ, ಆವಿ ಎದ್ದಷ್ಟು ಎಳೆದುಕೊಳ್ಳುವ ಪದ್ಧತಿ ಇತ್ತು.

ತತ್ವ ಸೆಂಟಿನ ಸ್ಪ್ರೇ ಬಾಟಲಿಯದ್ದೇ. ಗಾಳಿ ಹೋಗೋ ಕೊಳವಿ ನಡುವ ಸಣ್ಣ ಆದ್ರ, ಅಲ್ಲಿ ಗಾಳಿಯ ವೇಗ ಹೆಚ್ಚಾಗಿ ಒತ್ತಡ ಕಡಿಮಿ ಆಗ್ತದ. ಆ ಕಡಿಮಿ ಒತ್ತಡ ಪಕ್ಕದ ತೊಟ್ಟಿಯಿಂದ ಪೆಟ್ರೋಲ್ ಎಳೀತದ. ಆ ಸಣ್ಣ ಜಾಗಕ್ಕ ವೆಂಚುರಿ ಅಂತಾರ. ತೊಟ್ಟಿಯಾಗ ಮಟ್ಟ ಕಾಯಾಕ ಫ್ಲೋಟ್, ನಮ್ಮ ಮನಿ ಮ್ಯಾಲಿನ ಟ್ಯಾಂಕಿನ ಬಾಲ್ ಇದ್ದಂಗ. ಪೆಟ್ರೋಲ್ ಎಷ್ಟ ಹೋಗಬೇಕು ಅಂತ ಅಳಿಯೂದು ಜೆಟ್, ಅಂದ್ರ ನಡುವ ತೂತಿರೋ ಸಣ್ಣ ಹಿತ್ತಾಳಿ ಸ್ಕ್ರೂ. ಗಾಳಿ ಎಷ್ಟ ಹೋಗಬೇಕು ಅಂತ ತೀರ್ಮಾನ ಮಾಡೂದು ಥ್ರಾಟಲ್, ಅಂದ್ರ ನಿಮ್ಮ ಕಾಲಿನ ಎಕ್ಸಿಲರೇಟರ್ ತಿರುಗಿಸೋ ದುಂಡನ ತಗಡು. ನಮ್ಮ ಗಾಡಿಯಾಗ ಸವೆದಿದ್ದು ಆ ತಗಡು ಕುಂತಿರೋ ಸರಳು. ಅಲ್ಲಿಂದ ಒಳಗ ಹೋದ ಗಾಳಿಯ ಲೆಕ್ಕ ಜೆಟ್ಟಿಗೆ ಸಿಗೂದಿಲ್ಲ. ಅಕೌಂಟ್ಸ್ ಭಾಷೆಯಾಗ ಹೇಳೂದಾದ್ರ, ಎಂಟ್ರಿ ಇಲ್ಲದ ವ್ಯವಹಾರ.

ಭಾಗ 3/9: ಚಪ್ಪಲಿ ಅಂಗಡಿ ಮಗ, ರೇಡಿಯೇಟರ್ ಮಾಡೋ ಗೆಳೆಯರು

ನಮ್ಮ ದೇಶದ ಹಳೇ ಕಾರುಗಳ ಬಾನೆಟ್ ಎತ್ತಿದ್ರ ಮುಖ್ಯವಾಗಿ ಎರಡು ಮನೆತನ ಕಾಣ್ತಾವ.

ಒಂದು ಎಸ್‌ಯು. ಪೂರ್ತಿ ಹೆಸರು ಸ್ಕಿನ್ನರ್ಸ್ ಯೂನಿಯನ್. ಇಂಗ್ಲೆಂಡಿನ ಜಾರ್ಜ್ ಹರ್ಬರ್ಟ್ ಸ್ಕಿನ್ನರ್ ಸುಮಾರು 1905ರಲ್ಲಿ ಇದನ್ನು ರೂಪಿಸಿದ. ಅವನ ಮನೆತನದ ಕಸುಬು ಶೂ ವ್ಯಾಪಾರ. ಹಾಗಾಗಿ ಮೊದಲ ಎಸ್‌ಯು ಕಾರ್ಬ್ಯುರೇಟರಿನ ಒಳಗೆ ಮೇಲೆ ಕೆಳಗೆ ಆಡುವ ಭಾಗ ತೊಗಲಿನ ತಿದಿಯಾಗಿತ್ತು! ಮುಂದೆ ಅದರ ಜಾಗಕ್ಕೆ ಲೋಹದ ಪಿಸ್ಟನ್ ಬಂತು. ಇದರ ವಿಶೇಷ ಏನಂದರೆ ವೆಂಚುರಿಯ ಅಳತೆಯೇ ಬದಲಾಗುತ್ತದೆ. ಎಂಜಿನ್ ಹೆಚ್ಚು ಗಾಳಿ ಕೇಳಿದರೆ ಪಿಸ್ಟನ್ ಮೇಲೇಳುತ್ತದೆ, ಅದಕ್ಕೆ ಅಂಟಿದ ಸೂಜಿಯೂ ಜೆಟ್ಟಿನಿಂದ ಮೇಲೆ ಬಂದು ಪೆಟ್ರೋಲ್ ಹೆಚ್ಚು ಬಿಡುತ್ತದೆ. 1926ರಲ್ಲಿ ಆ ಕಂಪನಿಯನ್ನು ವಿಲಿಯಂ ಮೋರಿಸ್ ಕೊಂಡರು. ಮೋರಿಸ್ ಆಕ್ಸ್‌ಫರ್ಡ್ ಕಾರೇ ನಮ್ಮ ಅಂಬಾಸಡರ್ ಆದದ್ದರಿಂದ, ಹಳೇ ಅಂಬಾಸಡರ್‌ನಾಗ ಎಸ್‌ಯು ಕಾಣ್ತದ. ನೆತ್ತಿ ಮ್ಯಾಲ ಗಂಟಿಯಂಗ ಒಂದು ಡಬ್ಬಿ ಇದ್ರ ಅದು ಎಸ್‌ಯು ಅಂತ ದೂರದಿಂದನ ಗುರುತು ಹಿಡೀಬಹುದು.

ಎರಡನೇದು ಸೋಲೆಕ್ಸ್. ಮೋರಿಸ್ ಗುಡಾರ್ ಮತ್ತು ಮಾರ್ಸೆಲ್ ಮೆನೆಸೋಂ ಅನ್ನುವ ಇಬ್ಬರು ಫ್ರೆಂಚ್ ಎಂಜಿನಿಯರ್ ಗೆಳೆಯರು 1905ರಲ್ಲಿ ಶುರು ಮಾಡಿದ ಕಂಪನಿ. ಮೊದಲು ರೇಡಿಯೇಟರ್ ಮಾಡುತ್ತಿದ್ದರು, ಆಮೇಲೆ ಕಾರ್ಬ್ಯುರೇಟರಿಗೆ ಬಂದರು. ಎರಡನೇ ಮಹಾಯುದ್ಧ ಮುಗಿದ ಮೇಲೆ ಸೈಕಲ್ಲಿನ ಮುಂದಿನ ಗಾಲಿಯ ಮೇಲೆ ಎಂಜಿನ್ ಕೂರಿಸಿದ ವೇಲೋಸೋಲೆಕ್ಸ್ ತಂದವರೂ ಇವರೇ. ಸೋಲೆಕ್ಸ್‌ನಲ್ಲಿ ವೆಂಚುರಿ ಸ್ಥಿರ, ಕೆಲಸ ಮಾಡುವುದು ಬೇರೆ ಬೇರೆ ಜೆಟ್‌ಗಳು: ಸ್ಲೋಗೆ ಒಂದು, ಓಟಕ್ಕೆ ಒಂದು, ಪಿಕಪ್ಪಿಗೆ ಪಂಪ್.

ಇವೆರಡರ ಜೋಡಿ ಇಟಲಿಯ ವೆಬರ್ ಹೆಸರೂ ಕೇಳಿರ್ತೀರಿ. ಬೊಲೋನ್ಯಾದ ಎಡೋಆರ್ಡೋ ವೆಬರ್ 1920ರ ದಶಕದಲ್ಲಿ ಫಿಯಟ್ ಕಾರುಗಳಿಗೆ ಬದಲಿ ಕಾರ್ಬ್ಯುರೇಟರ್ ಮಾಡಿ ಹೆಸರಾದವರು. ಅಂದ್ರ ಫಿಯಟ್‌ಗೆ ಬದಲಿ ಹುಡುಕೋ ಚಟ ನಮ್ಮ ಮನಿಯಿಂದ ಶುರು ಆಗಿದ್ದಲ್ಲ ಬಿಡ್ರಿ, ಸುಮಾರು ನೂರು ವರ್ಷದ್ದು. ವೆಬರ್ 1945ರಲ್ಲಿ ಯುದ್ಧ ಮುಗಿಯುವ ಗದ್ದಲದಲ್ಲಿ ಕಾಣೆಯಾದರು, ಮತ್ತೆ ಸಿಗಲೇ ಇಲ್ಲ.

ಭಾಗ 4/9: ಈ ಕಾರಿನ ಮೂಲದಾಗ ನಮ್ಮ ಸರ್ ಎಂವಿ ಅದಾರ

ಇದನ್ನ ಅಜ್ಜಗ ಓದಿ ಹೇಳಿದಾಗ ಕನ್ನಡಕ ತಗದು ನನ್ನ ಮುಖ ನೋಡಿದ್ರು.

1935ರಲ್ಲಿ ಸರ್ ಎಂ. ವಿಶ್ವೇಶ್ವರಯ್ಯ ಯುರೋಪ್ ಮತ್ತು ಅಮೆರಿಕಕ್ಕೆ ಹೋಗಿ ಮೋಟಾರು ಕಾರ್ಖಾನೆಗಳನ್ನು ನೋಡಿ ಬಂದರು. ಆಗ ಅವರಿಗೆ 70 ದಾಟಿತ್ತು. ಭಾರತದಲ್ಲೇ ಕಾರು ಮಾಡುವ ಯೋಜನೆಯೊಂದನ್ನು ಬರೆದು ಸಿದ್ಧಪಡಿಸಿದರು. ಅದನ್ನು ಕೈಗೆತ್ತಿಕೊಂಡ ಉದ್ಯಮಿ ವಾಲ್‌ಚಂದ್ ಹೀರಾಚಂದ್. ಅವರು 1882ರಲ್ಲಿ ಹುಟ್ಟಿದ್ದು ಸೊಲ್ಲಾಪುರದಾಗ. ಹೌದು, ನಮ್ಮ ಹುಬ್ಬಳ್ಳಿಯಿಂದ ವಿಜಯಪುರ ದಾಟಿ ಹೋದ್ರ ಸಿಗೋ, ಇವತ್ತಿಗೂ ಕನ್ನಡ ಕೇಳೋ ಅದೇ ಸೊಲ್ಲಾಪುರ.

ವಾಲ್‌ಚಂದ್ ಅಮೆರಿಕದ ಕ್ರೈಸ್ಲರ್ ಕಂಪನಿ ಜೋಡಿ ಮಾತಾಡಿದರು. ಮೈಸೂರು ಸಂಸ್ಥಾನಕ್ಕೂ ಈ ಕಾರ್ಖಾನೆಯ ಮೇಲೆ ಆಸೆ ಇತ್ತು. ಆದರೆ ಬ್ರಿಟಿಷ್ ಸರ್ಕಾರ ಕೈ ಹಿಡಿಯಲಿಲ್ಲ. ಯುದ್ಧ ನಡೆದಿತ್ತು. ಮಜಾ ಏನಂದ್ರ, ಅದೇ ವಾಲ್‌ಚಂದ್ 1940ರ ಡಿಸೆಂಬರ್‌ನಲ್ಲಿ ಮೈಸೂರು ಸರ್ಕಾರದ ಪಾಲುದಾರಿಕೆಯಲ್ಲಿ ಬೆಂಗಳೂರಿನಲ್ಲಿ ವಿಮಾನ ಕಾರ್ಖಾನೆ ಶುರು ಮಾಡಿದರು. ಅದೇ ಇವತ್ತಿನ ಎಚ್‌ಎಎಲ್. ಕಾರು ಕೇಳಿದವರಿಗೆ ವಿಮಾನ ಸಿಕ್ಕಿತು!

ಕಾರಿನ ಕಂಪನಿ ಪ್ರೀಮಿಯರ್ ಆಟೋಮೊಬೈಲ್ಸ್ 1944ರಲ್ಲಿ ಮುಂಬಯಿಯಲ್ಲಿ ನೋಂದಣಿ ಆಯಿತು, ಕಾರ್ಖಾನೆ ಕುರ್ಲಾದಲ್ಲಿ. ಆ ಕಾಲಕ್ಕೆ ಹುಬ್ಬಳ್ಳಿ-ಧಾರವಾಡವೂ ಮುಂಬಯಿ ಪ್ರಾಂತ್ಯದ ಭಾಗ, 1956ರ ಏಕೀಕರಣದವರೆಗೂ ಹಂಗ ಇತ್ತು. ನಮ್ಮ ಕಡೆ ಮಂದಿಗೆ ಮುಂಬೈ ಅಂದ್ರ ಕೋರ್ಟು, ಕಾಲೇಜು, ಬಟ್ಟಿ ಪ್ಯಾಟಿ, ಬಿಡಿಭಾಗ ಎಲ್ಲಾ. ಅಜ್ಜನ ಅಂಗಡಿ ದುರ್ಗದಬೈಲಿನಾಗ ಇತ್ತು, ಮಾಲು ಮುಂಬೈಯಿಂದನ ಬರ್ತಿತ್ತು. "ಆ ಗಾಡಿ ಬೆಂಗಳೂರಾಗ ಆಗಿದ್ರ ಏನ್ ಆಗ್ತಿತ್ತು ಅಜ್ಜಾ?" ಅಂತ ಕೇಳಿದೆ. "ಪಾರ್ಟ್ಸ್ ಒಂದ ರಾತ್ರಿಯೊಳಗ ಬರ್ತಿದ್ವು" ಅಂದ್ರು. ಅಂಗಡಿ ಮಾಡಿದವರ ಉತ್ತರ ಹಂಗ ಇರ್ತದ.

ಭಾಗ 5/9: ಇಟಲಿಯ ಕಾರು, ಫ್ರಾನ್ಸಿನ ಹೆಸರು, ಮದ್ರಾಸಿನ ಕೆಲಸ

ಪ್ರೀಮಿಯರ್ ಶುರುವಿಗೆ ಕ್ರೈಸ್ಲರ್ ಗುಂಪಿನ ದೊಡ್ಡ ಗಾಡಿಗಳನ್ನು ಜೋಡಿಸುತ್ತಿತ್ತು. 1950ರ ದಶಕದಲ್ಲಿ ಫಿಯಟ್ ಜೊತೆ ಕೈ ಜೋಡಿಸಿತು. ಫಿಯಟ್ 1100 ಬಂತು, 1964ರಲ್ಲಿ 1100 ಡಿಲೈಟ್ ಬಂತು. ಫಿಯಟ್ ಒಪ್ಪಂದ ಮುಗಿದ ಮೇಲೆ ಹೆಸರು ಪ್ರೀಮಿಯರ್ ಪ್ರೆಸಿಡೆಂಟ್, 1974ರಲ್ಲಿ ಪ್ರೀಮಿಯರ್ ಪದ್ಮಿನಿ. ಹೆಸರು ಮೂರು, ಒಳಗಿನ ಎಂಜಿನ್ ಒಂದೇ: 1089 ಸಿಸಿ, ನಾಲ್ಕು ಸಿಲಿಂಡರ್. ಊರ ಮಂದಿ ಮಾತ್ರ ಕೊನೀ ತನಕ "ಫಿಯಟ್" ಅಂತನ ಅಂದ್ರು.

ಈಗ ಮುಖ್ಯ ಪ್ರಶ್ನೆ. ಇಟಲಿಯ ಕಾರಿನಾಗ ಕೂತ ಕಾರ್ಬ್ಯುರೇಟರ್ ಎಲ್ಲಿ ತಯಾರಾತು?

ಉತ್ತರ 1953ರಲ್ಲಿ ಅದ. ಆ ವರ್ಷ ಟ್ಯಾರಿಫ್ ಕಮಿಷನ್ ವರದಿ ಬಂದ ಮೇಲೆ ಸರ್ಕಾರ ಹೇಳಿತು: ಬರೀ ಬಿಡಿಭಾಗ ತರಿಸಿ ಜೋಡಿಸುವವರಿಗೆ ಇಲ್ಲಿ ಜಾಗ ಇಲ್ಲ, ಇಲ್ಲೇ ತಯಾರು ಮಾಡುವ ಯೋಜನೆ ಇದ್ದವರು ಮಾತ್ರ ಉಳಿಯಿರಿ. ಜನರಲ್ ಮೋಟಾರ್ಸ್ ಮತ್ತು ಫೋರ್ಡ್ ಗಂಟು ಕಟ್ಟಿಕೊಂಡು ಹೋದವು. ಉಳಿದವರು ಒಂದೊಂದೇ ಭಾಗವನ್ನು ದೇಶದೊಳಗೆ ಮಾಡಿಸಬೇಕಾಯಿತು. ಹಂಗ ಹುಟ್ಟಿದ ಕಂಪನಿಗಳ ಸಾಲಿನ್ಯಾಗ ಮದ್ರಾಸಿನ ಕಾರ್ಬ್ಯುರೇಟರ್ಸ್ ಲಿಮಿಟೆಡ್ ಬರ್ತದ. ಸೋಲೆಕ್ಸ್ ಹೆಸರಿನ ಕಾರ್ಬ್ಯುರೇಟರ್ ಅಲ್ಲಿ ತಯಾರಾದ್ವು.

ನಮ್ಮ ಸಿಲಬಸ್‌ನಾಗ ಇದಕ್ಕ "ಆಮದು ಬದಲಿ ನೀತಿ" ಅಂತ ಎರಡು ಸಾಲು ಅದ, ಐದು ಮಾರ್ಕ್ಸಿಗೆ ಬರ್ತದ. ಆ ನೀತಿ ಅಂದ್ರ ಏನಂತ ನನಗ ಗೊತ್ತಾಗಿದ್ದು ಕೈಯಾಗ ಈ ಮುದ್ದಿ ಹಿಡಿದಾಗ. ಒಳ್ಳೇದು: ಬಾಡಿ ಎರಕಾ ಹೊಯ್ಯೂದು, ಕೂದಲೆಳಿಯಷ್ಟ ಸಣ್ಣ ತೂತು ಕೊರಿಯೂದು ನಮ್ಮವರ ಕೈಗೆ ಬಂತು. ಕೆಟ್ಟದ್ದು: ಸ್ಪರ್ಧಿ ಇಲ್ಲದ್ದಕ್ಕ ದಶಕಗಟ್ಲೆ ಅದೇ ಮಾಡಲ್, ಕಾರಿಗೆ ವರ್ಷಗಟ್ಲೆ ಪಾಳಿ. ಆ ಧಾರವಾಡದ ವಕೀಲರೂ ಬುಕ್ ಮಾಡಿ ಕಾದವರ ಪೈಕಿ.

ಆದ್ರ ಬದಲಾಗದ ಮಾಡಲ್‌ನಿಂದ ಇವತ್ತು ನಮಗೊಂದು ಲಾಭ ಆತು. ಅದನ್ನ ಮುಂದಿನ ಭಾಗದಾಗ ಹೇಳ್ತೀನಿ.

ಭಾಗ 6/9: ಗುರುತು ಹಿಡಿಯೂದು ಹೆಂಗ

ನೆನಪಿರಲಿ, ಅಜ್ಜ ಈ ಗಾಡಿ ತಗೊಂಡಿದ್ದು 1988ರಾಗ. ಮೊದಲಿನ 12 ವರ್ಷದಾಗ ಕಾರ್ಬ್ಯುರೇಟರ್ ಬದಲಾಗಿದ್ರ ನಮಗ ಗೊತ್ತಿಲ್ಲ. "ಪದ್ಮಿನಿ ಕಾರ್ಬ್ಯುರೇಟರ್ ಕೊಡ್ರಿ" ಅಂತ ಅಂಗಡಿಗೆ ಹೋದ್ರ ಆಗೂದಿಲ್ಲ. ಕೈಯಾಗಿನ ವಸ್ತು ಯಾವುದು ಅಂತ ಅದನ್ನ ಕೇಳಬೇಕು. ಮಿಸ್ತ್ರಿ ಕಾಕಾ ಕಲಿಸಿದ ಕ್ರಮ ಹಿಂಗದ. ಫೋಟೋ ಒಂದೊಂದಾಗಿ ಸರಿಸ್ಕೋತ ಓದ್ರಿ.

ಒಂದು, ಮೊದಲು ತೊಳೀರಿ. 50 ವರ್ಷದ ಎಣ್ಣಿ ಜಿಡ್ಡಿನ ಕೆಳಗ ಅಕ್ಷರ ಇರ್ತಾವ. ಸೀಮೆಎಣ್ಣಿ ಮತ್ತ ಹಲ್ಲುಜ್ಜೋ ಹಳೇ ಬ್ರಷ್ ಸಾಕು. ನಮ್ಮದರ ಮ್ಯಾಲ ಸೋಲೆಕ್ಸ್ ಅಂತ ಹೆಸರು, ಅದರ ಜೋಡಿ 32 ಪಿಬಿಐಸಿ ಅಂತ ಎರಕದ ಅಕ್ಷರ ಕಂಡ್ವು.

ಎರಡು, ಆ 32 ಅಂದ್ರ ಥ್ರಾಟಲ್ ತಗಡು ಕೂಡೋ ಕೊಳವಿಯ ವ್ಯಾಸ, ಮಿಲಿಮೀಟರಿನಾಗ. ವರ್ನಿಯರ್ ಹಿಡಿದು ಅಳೀರಿ, ಅಕ್ಷರ ನಂಬಿ ಕೂಡಬ್ಯಾಡ್ರಿ.

ಮೂರು, ವೆಂಚುರಿ. ಅದು ಒಳಗ ಬ್ಯಾರೆ ಉಂಗುರ ಆಗಿ ಕೂತಿರ್ತದ, ಅದಕ್ಕೂ ತನ್ನ ನಂಬರ್ ಅದ. ಹೊರಗಿನ ಬಾಡಿ ಒಂದೇ ಇದ್ರೂ ಬ್ಯಾರೆ ಬ್ಯಾರೆ ಕಾರಿಗೆ ಬ್ಯಾರೆ ಉಂಗುರ ಹಾಕ್ತಿದ್ರು. ಭಾಳ ಮಂದಿ ಮೋಸ ಹೋಗೂದು ಇಲ್ಲೇ.

ನಾಲ್ಕು, ಜೆಟ್. ಮ್ಯಾಲಿನ ಅಂಕಿ ಮಿಲಿಮೀಟರಿನ ನೂರನೇ ಪಾಲು. 125 ಅಂತ ಇದ್ರ ತೂತು 1.25 ಮಿಲಿಮೀಟರ್ ಅಂತ ತಿಳೀರಿ. ಜೆಟ್ಟಿನಾಗ ತಂತಿ ಹಾಕಿ ತಿಕ್ಕಬ್ಯಾಡ್ರಿ, ತೂತು ದೊಡ್ಡದಾಗಿ ಅಂಕಿ ಸುಳ್ಳಾಗ್ತದ. ಗಾಳಿ ಹೊಡೀರಿ ಸಾಕು.

ಐದು, ಚೋಕ್. ಈ ಸೋಲೆಕ್ಸ್‌ನಾಗ ಮ್ಯಾಲಿನ ಬಾಯಿ ಮುಚ್ಚೋ ತಗಡು ಇಲ್ಲ. ಪಕ್ಕದಾಗ ತಣ್ಣಗಿನ ಸ್ಟಾರ್ಟಿಗೆ ಅಂತನ ಪ್ರತ್ಯೇಕ ದಾರಿ ಅದ, ಡ್ಯಾಶ್‌ಬೋರ್ಡಿನ ಗುಂಡಿ ಎಳೆದ್ರ ಅದು ತೆರೀತದ.

ಆರು, ಕೆಳಗಿನ ಫ್ಲಾಂಜ್. ಎರಡು ಸ್ಟಡ್ ನಡುವಿನ ಅಂತರ, ಸ್ಟಡ್ ದಪ್ಪ.

ಏಳು, ದಿಕ್ಕು. ಎಕ್ಸಿಲರೇಟರ್ ಲಿವರ್ ಯಾವ ಬದಿ, ಪೆಟ್ರೋಲ್ ಪೈಪ್ ಯಾವ ಬದಿ, ಡಿಸ್ಟ್ರಿಬ್ಯೂಟರಿಗೆ ಹೋಗೋ ವ್ಯಾಕ್ಯೂಮ್ ನಳಿ ಅದನೋ ಇಲ್ಲೋ.

ಎಂಟು, ಎತ್ತರ. ಏರ್ ಫಿಲ್ಟರ್ ಕೂತ ಮ್ಯಾಲ ಬಾನೆಟ್ ಮುಚ್ಚಬೇಕಲ್ಲ!

ಹಿಂದಿನ ಭಾಗದಾಗ ಹೇಳಿದ ಲಾಭ ಇದು: ಮಾಡಲ್ ದಶಕಗಟ್ಲೆ ಬದಲಾಗಲಿಲ್ಲ ಅಂದ್ರ, ಹೊಂದೋ ಬಿಡಿಭಾಗ ದಶಕಗಟ್ಲೆ ತಯಾರಾದ್ವು ಅಂತನೂ ಅರ್ಥ. ರಿಪೇರಿ ಕಿಟ್ ಇವತ್ತಿಗೂ ಸಿಗ್ತದ.

ಭಾಗ 7/9: ನಾ ಕಳಕೊಂಡ 2,200 ರೂಪಾಯಿ

ಇಷ್ಟೆಲ್ಲಾ ಬರ್ದಾಕಿ ಮೊದಲು ಏನ್ ಮಾಡಿದ್ಲು ಗೊತ್ತೇನು? ಪಟ್ಟಿಯ ಆರನೇ ಸಾಲಿಗೆ ನಿಲ್ಲಿಸಿ ಆನ್‌ಲೈನ್ ಆರ್ಡರ್ ಹಾಕಿದ್ಲು.

ಹೊಸಾ, ಫಳಫಳ ಹೊಳಿಯೋ ಕಾರ್ಬ್ಯುರೇಟರ್, 2,200 ರೂಪಾಯಿ. ಸ್ಟಡ್ ಅಂತರ ಸರಿ ಇತ್ತು. ಲಿವರ್ ಮಾತ್ರ ವಿರುದ್ಧ ಬದಿಗೆ. ಜೆಟ್ ಮ್ಯಾಲ ಅಂಕಿನ ಇಲ್ಲ. ಸ್ಕ್ರೂ ಬಿಚ್ಚಿದಾಗ ಒಳಗ ಎರಕದ ಚೂರು ಬಿದ್ದಿದ್ವು. ಮಾರಿದವರು ವಾಪಸ್ ತಗೊಳ್ಳಲಿಲ್ಲ. ನನ್ನ ಟ್ಯೂಷನ್ ರೊಕ್ಕ ಅದು. ಮಿಸ್ತ್ರಿ ಕಾಕಾ ಬೈಲಿಲ್ಲ, "ಇದನ್ನ ಮನ್ಯಾಗ ಶೋಕೇಸಿನಾಗ ಇಡವಾ" ಅಂದ್ರು. ಅದಕ್ಕಿಂತ ಬೈದಿದ್ರ ಛಲೋ ಇತ್ತು.

ಆಮೇಲೆ ಅಪ್ಪನ ಮಾರುತಿ ಮಾತಿಗೆ ಬಂದೆ. ಇದು ಖಾಲಿ ಮಾತಲ್ಲ. ಮಾರುತಿ 800 ಬಂದಿದ್ದು 1983ರ ಡಿಸೆಂಬರ್‌ನಲ್ಲಿ. ಅದರ ಬೆನ್ನಿಗೆ 1985ರಲ್ಲಿ ಜಪಾನಿನ ಮಿಕುನಿ ಕಂಪನಿಯ ತಂತ್ರಜ್ಞಾನದೊಂದಿಗೆ ಯುಕಾಲ್ ಅನ್ನುವ ಕಂಪನಿ ಹುಟ್ಟಿತು. ಅದನ್ನು ಹುಟ್ಟಿಸಿದವರಲ್ಲಿ ನಮ್ಮ ಸೋಲೆಕ್ಸ್ ಮಾಡುತ್ತಿದ್ದ ಅದೇ ಮದ್ರಾಸಿನ ಕಾರ್ಬ್ಯುರೇಟರ್ಸ್ ಲಿಮಿಟೆಡ್ ಇತ್ತು. ಅಂದ್ರ ಸೋಲೆಕ್ಸ್‌ಗೂ ಮಾರುತಿಯದಕ್ಕೂ ದೂರದ ಸಂಬಂಧ ಅದ, ಒಂದೇ ಮನೆತನದ ಎರಡು ತಲೆಮಾರು ಇದ್ದಂಗ.

ಲೆಕ್ಕ ನೋಡ್ರಿ. ನಾಲ್ಕು ಸ್ಟ್ರೋಕ್ ಎಂಜಿನ್ ಎರಡು ಸುತ್ತಿಗೆ ಒಮ್ಮೆ ತನ್ನ ಪೂರ್ತಿ ಗಾತ್ರದಷ್ಟು ಗಾಳಿ ಎಳೀತದ. ನಿಮಿಷಕ್ಕ 4,000 ಸುತ್ತಿನಾಗ:

ಪದ್ಮಿನಿ: 1.089 × 2,000 = 2,178 ಲೀಟರ್
ಮಾರುತಿ: 0.796 × 2,000 = 1,592 ಲೀಟರ್

ಇದು ಹೆಚ್ಚೆಂದ್ರ ಎಳಿಯಬಹುದಾದ ಲೆಕ್ಕ, ನಿಜದಾಗ ಸ್ವಲ್ಪ ಕಡಿಮಿ. ಮಾರುತಿ ಎಂಜಿನ್ ಇನ್ನೂ ಜೋರಾಗಿ ತಿರುಗೋ ಜಾತಿ, ಅದಕ್ಕ ಅದರ ಕಾರ್ಬ್ಯುರೇಟರ್ ಹಾಕಿದ್ರೂ ಪದ್ಮಿನಿ ಓಡ್ತದ. ಓಡ್ಸಿದವರೂ ಅದಾರ. ಆದ್ರ ಅದರ ಜೆಟ್ ಆರಿಸಿದ್ದು ಮೂರು ಸಿಲಿಂಡರಿನ 796 ಸಿಸಿ ಎಂಜಿನ್ನಿಗೆ. ನಮ್ಮ ಗಾಡಿಗೆ ಕೂಡಬೇಕಂದ್ರ ನಡುವ ಒಂದು ಪ್ಲೇಟ್ ಮಾಡಿಸಬೇಕು, ಎರಡು ಪ್ಯಾಕಿಂಗ್ ಹೆಚ್ಚು, ಲಿವರ್ ಬದಲಿ. ಕಳ್ಳ ಗಾಳಿ ತಪ್ಪಿಸಾಕ ಹೋಗಿ ಕಳ್ಳ ಗಾಳಿಗೆ ಇನ್ನೊಂದು ಬಾಗಿಲ ಮಾಡಿದಂಗ.

ಮತ್ತ ಮಾರುತಿ ಕಾರ್ಬ್ಯುರೇಟರೂ ಈಗ ಹಳೇ ಸಾಮಾನು. 2000ದ ಏಪ್ರಿಲ್‌ನಲ್ಲಿ ಹೊಸ ಹೊಗೆ ನಿಯಮ ಬಂದು ಹೊಸ ಕಾರುಗಳಿಗೆ ಇಂಜೆಕ್ಷನ್ ಬಂತು. 2020ರ ಏಪ್ರಿಲ್‌ನಲ್ಲಿ ಬಿಎಸ್ 6 ಬಂದಾಗ ಬೈಕ್‌ಗಳಿಗೂ ಅದೇ ಗತಿ. ನಿಮ್ಮ ಅಪ್ಪನ ಹಳೇ ಬೈಕಿನಾಗ ಇರೂದು ಬಹುಶಃ ನಿಮ್ಮ ಮನಿಯ ಕೊನೇ ಕಾರ್ಬ್ಯುರೇಟರ್. ಹೋಗಿ ಒಮ್ಮೆ ನೋಡಿ ಬರ್ರಿ.

ಭಾಗ 8/9: ಕಬ್ಬು, ಟ್ಯಾಕ್ಸಿ ಮತ್ತು ರಬ್ಬರ್

ಹಂಗಾದ್ರ ಹಳೇ ಸೋಲೆಕ್ಸ್ ರಿಪೇರಿ ಮಾಡಿಸೂದು ಒಂದೇ ದಾರಿ. ಅದಕ್ಕೂ ಎರಡು ಅಡ್ಡಿ ಅದಾವ.

ಮೊದಲನೇದು ಪೆಟ್ರೋಲ್. 1976ರ ಪೆಟ್ರೋಲ್ ಈಗ ಇಲ್ಲ. ಸೀಸ ಬೆರೆಸಿದ ಪೆಟ್ರೋಲ್ 2000ದಲ್ಲಿ ದೇಶದ ತುಂಬಾ ನಿಂತಿತು. 2023ರ ಫೆಬ್ರುವರಿಯಲ್ಲಿ ಬೆಂಗಳೂರಿನ ಸಮಾವೇಶದಲ್ಲಿ ಶೇಕಡಾ 20 ಎಥನಾಲ್ ಬೆರೆಸಿದ ಪೆಟ್ರೋಲಿಗೆ ಚಾಲನೆ ಸಿಕ್ಕಿತು, ಈಗ ಬಂಕ್‌ಗಳಲ್ಲಿ ಅದೇ ಮಾಮೂಲಿ. ಬೆಳಗಾವಿ, ಬಾಗಲಕೋಟೆಯ ಸಕ್ಕರಿ ಕಾರ್ಖಾನಿಗಳಿಗೆ ಇದರಿಂದ ಹೊಸಾ ಗಿರಾಕಿ ಸಿಕ್ಕಾರ. ನಮ್ಮ ಅವ್ವನ ತವರುಮನಿ ಮುಧೋಳ ಕಡೆ, ಅಲ್ಲಿ ಕಬ್ಬಿನ ಬಿಲ್ ಬಂದ್ರ ಹಬ್ಬ. ಅದಕ್ಕ ಎಥನಾಲ್‌ಗೆ ಬೈಯಾಕ ನನಗ ಮನಸ್ಸಿಲ್ಲ.

ಆದ್ರ ಹಳೇ ಕಾರ್ಬ್ಯುರೇಟರಿಗೆ ಅದು ಒಗ್ಗೂದಿಲ್ಲ. ಎಥನಾಲ್ ಹಳೇ ನಮೂನಿ ರಬ್ಬರನ್ನ ಉಬ್ಬಿಸ್ತದ, ಗಾಳಿಯಾಗಿನ ನೀರು ಎಳಕೋತದ, ಗಾಡಿ ನಿಂತಲ್ಲೇ ನಿಂತ್ರ ಬಾಡಿ ಒಳಗ ಬಿಳಿ ಪುಡಿ ಕಟ್ತದ. ಎರಡನೇ ಭಾಗದ 14.7 ನೆನಪದ ಏನು? ಶೇಕಡಾ 20 ಬೆರಕಿಗೆ ಅದು ಸುಮಾರು 13.5. ಅಂದ್ರ ಅಷ್ಟೇ ಗಾಳಿಗೆ ಹೆಚ್ಚು ಪೆಟ್ರೋಲ್ ಬೇಕು. ಹೊಸಾ ಕಾರಿನ ಸೆನ್ಸರ್ ಇದನ್ನ ತಾನ ತಿದ್ಕೋತದ, ಜೆಟ್ಟಿಗೆ ಕಣ್ಣಿಲ್ಲ. ತೂತು ಇದ್ದಷ್ಟ ಬಿಡ್ತದ, ಎಂಜಿನ್ ಹಸಕೊಂಡು ಬಿಸಿ ಆಗ್ತದ.

ಎರಡನೇ ಅಡ್ಡಿ ಮುಂಬೈ. ಪದ್ಮಿನಿ ತಯಾರಿ ಸುಮಾರು 2000ದ ಹೊತ್ತಿಗೆ ನಿಂತರೂ ಬಿಡಿಭಾಗ ಸಿಗುತ್ತಲೇ ಇದ್ದದ್ದು ಅಲ್ಲಿನ ಕಪ್ಪು-ಹಳದಿ ಟ್ಯಾಕ್ಸಿಗಳಿಂದ. ಟ್ಯಾಕ್ಸಿಗೆ 20 ವರ್ಷದ ಮಿತಿ ಇತ್ತು. ಕೊನೆಯದಾಗಿ ನೋಂದಣಿಯಾದ ಪದ್ಮಿನಿ ಟ್ಯಾಕ್ಸಿಯ ಅವಧಿ ಮುಗಿದು, 2023ರ ಅಕ್ಟೋಬರ್ 30ರಿಂದ ಆ ಟ್ಯಾಕ್ಸಿಗಳು ಮುಂಬೈ ರಸ್ತೆಯಿಂದ ಇಲ್ಲವಾದವು. ದಿನಾ ಓಡೋ ಗಾಡಿ ಇಲ್ಲ ಅಂದ್ರ ದಿನಾ ಸಾಮಾನು ಕೇಳೋರಿಲ್ಲ. ಬೇಡಿಕೆ ಬಿದ್ದ ವಸ್ತುವಿನ ರೇಟು ಇಳೀಬೇಕು ಅಂತ ನಮ್ಮ ಪುಸ್ತಕ ಹೇಳ್ತದ. ಇಲ್ಲಿ ಮಾಡೋರು ಕೈ ಬಿಡ್ತಾರ, ಉಳಿದಿದ್ದು ಅಪರೂಪ ಆಗಿ ರೇಟು ಏರ್ತದ.

ಕಿಟ್ ಸಿಕ್ಕಿದ್ದು ಬೆಂಗಳೂರಿನ ಜೆಸಿ ರೋಡಿನಾಗ. ರಾತ್ರಿ ಬಸ್ಸಿನ ಪಾರ್ಸಲ್‌ನಾಗ ಬಂತು. ಅಜ್ಜ ಅಂದಂಗ, ಒಂದ ರಾತ್ರಿ!

ಭಾಗ 9/9: ವಸ್ತುಸಂಗ್ರಹಾಲಯನೋ, ಸೋಮವಾರನೋ

ಕೊನೇ ಲೆಕ್ಕ ಕಾಗದದ್ದು.

2021ರ ಜುಲೈನಲ್ಲಿ ಕೇಂದ್ರ ಸರ್ಕಾರ ವಿಂಟೇಜ್ ವಾಹನಗಳಿಗೆ ಪ್ರತ್ಯೇಕ ನಿಯಮ ತಂದಿತು. ಮೊದಲ ನೋಂದಣಿಯಾಗಿ 50 ವರ್ಷ ದಾಟಿರಬೇಕು, ಚಾಸಿ, ಬಾಡಿ, ಎಂಜಿನ್ ದೊಡ್ಡ ಬದಲಾವಣೆ ಇಲ್ಲದೆ ಮೂಲ ರೂಪದಲ್ಲಿರಬೇಕು. ಹೊಸ ನೋಂದಣಿಗೆ 20,000 ರೂಪಾಯಿ, ನಂಬರಿನ ನಡುವೆ ವಿಎ ಅಕ್ಷರ. ನಮ್ಮ ಗಾಡಿಗೆ ಈ ವರ್ಷ 50 ತುಂಬ್ತದ. ಕಾಕಾಗ ಇದು ತಿಳಿದದ್ದೇ ತಡ, ಗುಜರಿ ಮಾತು ಬಿಟ್ಟು "ವಿಂಟೇಜ್ ಮಾಡಸೂಣು, ರೇಟು ಬರ್ತದ" ಅನ್ನಾಕತ್ರು.

ಆದ್ರ ಅದೇ ನಿಯಮದಾಗ ಇನ್ನೊಂದು ಸಾಲು ಅದ. ವಿಂಟೇಜ್ ಗಾಡಿಯನ್ನು ದಿನಬಳಕೆಗೆ ರಸ್ತೆಗೆ ಇಳಿಸುವಂತಿಲ್ಲ. ಪ್ರದರ್ಶನ, ರ‍್ಯಾಲಿ, ಸಂಶೋಧನೆ, ಪೆಟ್ರೋಲ್ ಹಾಕಿಸುವುದು, ರಿಪೇರಿ, ಇಷ್ಟಕ್ಕೆ ಮಾತ್ರ.

ಅದನ್ನ ಓದಿದ ಮ್ಯಾಲ ಅಜ್ಜ ಎರಡು ತಿಂಗಳದಾಗ ಮೊದಲ ಸಲ ಬಾಯಿ ಬಿಟ್ರು. "ಮಠಕ್ಕ ಹೋಗಾಕ ಬರದಿದ್ರ ಅದು ಗಾಡಿ ಹೆಂಗಾತು?"

ತೀರ್ಮಾನ ಅಲ್ಲಿಗೆ ಮುಗೀತು. ಮಾಮೂಲಿ ರಿನ್ಯೂವಲ್. 2022ರ ಏಪ್ರಿಲ್‌ವರೆಗೆ 600 ರೂಪಾಯಿ ಇದ್ದ ಕಾರಿನ ಶುಲ್ಕ 5,000 ಆಗಿತ್ತು, 2025ರಾಗ 20 ವರ್ಷ ದಾಟಿದ ಕಾರಿಗೆ 10,000 ಆತು. ಹೊಗೆ ಪರೀಕ್ಷೆಯಾಗ ಈ ಕಾಲದ ಗಾಡಿಗೆ ಸ್ಲೋದಾಗ ಕಾರ್ಬನ್ ಮೊನಾಕ್ಸೈಡ್ ಶೇಕಡಾ 3ರ ಒಳಗ ಇರಬೇಕು. ಶಾಫ್ಟ್ ಸವೆದ ಕಾರ್ಬ್ಯುರೇಟರ್ ಇಟ್ಕೊಂಡು ಅದು ಸಾಧ್ಯ ಇಲ್ಲ. ಎಲ್ಲಾ ಮತ್ತ ಪೇಪರ್ ಮ್ಯಾಲಿನ ಆ ವಸ್ತುವಿಗೇ ಬಂದು ನಿಂತಿತು.

ಮಿಸ್ತ್ರಿ ಕಾಕಾನ ಅಪ್ಪ ಹುಬ್ಬಳ್ಳಿ ರೈಲ್ವೆ ವರ್ಕ್‌ಶಾಪಿನಾಗ ಇದ್ದವರು. 1880ರ ದಶಕದಿಂದ ಈ ಊರಿಗೆ ಲೋಹದ ಕೆಲಸ ಕಲಿಸಿದ ಜಾಗ ಅದು. ಅವರ ಪರಿಚಯದ ಲೇತ್‌ನಾಗ ಬಾಡಿ ಕೊರೆದು ಹಿತ್ತಾಳಿ ಬುಶ್ ಕೂಡಿಸಿ, ಹೊಸಾ ಶಾಫ್ಟ್ ಹಾಕಿದ್ರು. ಎಥನಾಲ್ ತಡಿಯೋ ರಬ್ಬರಿನ ಕಿಟ್, ಹೊಸಾ ಫ್ಲೋಟ್ ಸೂಜಿ, ಮುಖ್ಯ ಜೆಟ್ ಒಂದು ನಂಬರ್ ದೊಡ್ಡದು. ಒಟ್ಟು 3,800 ರೂಪಾಯಿ. ನನ್ನ ತಪ್ಪಿನ 2,200 ಕೂಡಿಸಿದ್ರ 6,000. ಅದನ್ನ ಖಾತೆದಾಗ "ಶಿಕ್ಷಣ ವೆಚ್ಚ" ಅಂತ ಬರದೀನಿ.

ಒಂದು ವಾರ ಓಡಿಸಿ ಪ್ಲಗ್ ಬಿಚ್ಚಿ ನೋಡಿದ್ವಿ. ಬೆಳ್ಳಗಾಗಿದ್ರ ಪೆಟ್ರೋಲ್ ಕಡಿಮಿ, ಕರ್ರಗ ಮಸಿ ಇದ್ರ ಹೆಚ್ಚು. ನಮ್ಮವು ನಾಲ್ಕೂ ಬಿಸ್ಕಿಟ್ ಬಣ್ಣ. ಹೊಗೆ ಪರೀಕ್ಷೆ ಪಾಸ್.

ಆ 32 ಮಿಲಿಮೀಟರಿನ ತೂತಿನಾಗ ಸ್ಕಿನ್ನರ್‌ನಿಂದ ಸರ್ ಎಂವಿ ತನಕ, ಮದ್ರಾಸಿನಿಂದ ಮುಧೋಳದ ಕಬ್ಬಿನ ತನಕ ಎಲ್ಲಾ ಹಾದು ಹೋಗ್ತದ ಅಂತ ನನಗ ಮೊದಲು ಗೊತ್ತಿರಲಿಲ್ಲ. ನಿಮ್ಮ ಮನ್ಯಾಗ ಹಳೇ ಗಾಡಿ ಇದ್ರ, ಬದಲಿ ಹುಡುಕೂಕಿಂತ ಮೊದಲು ಇದ್ದದ್ದನ್ನ ತೊಳೆದು ಓದ್ರಿ.

ಕೊನೇ ಫೋಟೋ ಮೊನ್ನೆ ಸೋಮವಾರದ್ದು, ಮಠದ ಮುಂದ. ಗಾಡಿ ಬಂದ್ ಮಾಡಿಲ್ಲ, ಸ್ಲೋದಾಗ ನಿಂತದ. ಅಜ್ಜ ಇಳಿಯೂಕಿಂತ ಮೊದಲು ಎರಡು ನಿಮಿಷ ಸುಮ್ನ ಕುಂತು ಅದರ ಸಪ್ಪಳ ಕೇಳಿದ್ರು.

ನಿಮ್ಮ ಅಜ್ಜನ ಗಾಡಿ ಯಾವುದು? ಕಾಮೆಂಟಿನಾಗ ಬರೀರಿ, ಕಾರ್ಬ್ಯುರೇಟರ್ ಮ್ಯಾಲಿನ ನಂಬರ್ ಸಮೇತ.

#ಹುಬ್ಬಳ್ಳಿಧಾರವಾಡ #ಪ್ರೀಮಿಯರ್‌ಪದ್ಮಿನಿ #ಅಜ್ಜನಗಾಡಿ #ಕಾರ್ಬ್ಯುರೇಟರ್‌ಕಥಿ #ಗೋಕುಲರೋಡ್